ಹೊಸ ಕಾರಿನಲ್ಲಿ ಡೀಲರ್‌ಗೆ ಉಳಿಯುವುದೆಷ್ಟು?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು, ಅಡಿಕೆ ತೋಟ ಇದೆ. ಮೊದಲ ಸಲ ಹೊಸ ಕಾರು ತಗೊಳ್ತಾ ಇದ್ದೇವೆ. ದಾವಣಗೆರೆಯ ಒಂದು ಷೋರೂಂನಲ್ಲಿ 1,197 ಸಿಸಿ ಪೆಟ್ರೋಲ್ ಕಾರಿಗೆ ಕೊಟೇಶನ್ ಬರೆಸಿಕೊಂಡು ಬಂದೆವು. ಎಕ್ಸ್ ಷೋರೂಂ ಬೆಲೆ 8,49,000. ರಸ್ತೆ ತೆರಿಗೆ ಮತ್ತು ನೋಂದಣಿ 1,44,000. ಇನ್ಶೂರೆನ್ಸ್ 46,000. ಆಕ್ಸೆಸರೀಸ್ ಕಿಟ್ 24,900. ಎಕ್ಸ್‌ಟೆಂಡೆಡ್ ವಾರಂಟಿ 15,500. ಹ್ಯಾಂಡ್ಲಿಂಗ್ ಚಾರ್ಜ್ 9,500. ಕೋಟಿಂಗ್ 6,500. ಫಾಸ್ಟ್ಯಾಗ್ 600. ಒಟ್ಟು 10,96,000 ರೂಪಾಯಿ. ಚೌಕಾಸಿ ಮಾಡಿದ್ದಕ್ಕೆ 15,000 ಬಿಡುತ್ತೇವೆ, ಅದಕ್ಕಿಂತ ಜಾಸ್ತಿ ಆಗೋದಿಲ್ಲ ಅಂದರು. 8 ಲಕ್ಷ ಸಾಲವನ್ನೂ ಅವರೇ ಮಾಡಿಸಿಕೊಡ್ತಾರಂತೆ. ಇದರಲ್ಲಿ ಡೀಲರ್ ಎಷ್ಟು ಇಟ್ಟುಕೊಳ್ಳುತ್ತಾರೆ ಸರ್? ಬೆಂಗಳೂರಲ್ಲಿ ತಗೊಂಡರೆ ಕಡಿಮೆ ಅಂತ ನಮ್ಮ ಭಾವ ಹೇಳುತ್ತಾರೆ. ದೀಪಾವಳಿ ಹೊತ್ತಿಗೆ ಕಾರು ಮನೆ ಮುಂದೆ ನಿಲ್ಲಬೇಕು ಅಂತ ಮನೆಯಲ್ಲಿ ಆಸೆ.

ಉತ್ತರ: ನೀವು ಸಾಲು ಸಾಲಾಗಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಬಹಳ ಜನ ಒಟ್ಟು ಮೊತ್ತ ಮಾತ್ರ ಹೇಳಿ ಜಾಸ್ತಿಯಾಯ್ತಾ ಅಂತ ಕೇಳುತ್ತಾರೆ. ಒಟ್ಟು ಮೊತ್ತ ನೋಡಿ ಏನೂ ಹೇಳಲಾಗುವುದಿಲ್ಲ. ಡೀಲರ್‌ನ ಲಾಭ ಎಲ್ಲರೂ ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಕಾರಿನ ಬೆಲೆಯಲ್ಲಿ ಇರುವುದು ಕಡಿಮೆ. ಅದರ ಕೆಳಗಿನ ಸಣ್ಣ ಸಣ್ಣ ಸಾಲುಗಳಲ್ಲಿ ಹಂಚಿಹೋಗಿರುವುದೇ ಜಾಸ್ತಿ.

ಮೊದಲು ಮೇಲಿನ ಸಾಲು ನೋಡೋಣ. ಎಕ್ಸ್ ಷೋರೂಂ ಬೆಲೆಯನ್ನು ಕಂಪನಿ ನಿಗದಿ ಮಾಡುತ್ತದೆ, ಡೀಲರ್ ಅಲ್ಲ. ಅದರಲ್ಲಿ ಕಾರ್ಖಾನೆಯ ಬೆಲೆ, ಜಿಎಸ್‌ಟಿ, ಷೋರೂಂವರೆಗೆ ಸಾಗಿಸುವ ಖರ್ಚು, ಡೀಲರ್‌ನ ಮಾರ್ಜಿನ್ ಎಲ್ಲವೂ ಸೇರಿರುತ್ತವೆ. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ನಿಮ್ಮ ಕಾರು ಈ ಗುಂಪಿನದ್ದಾದರೆ 8,49,000ದಲ್ಲಿ ಸುಮಾರು 1,29,500 ರೂಪಾಯಿ ತೆರಿಗೆಗೇ ಹೋಯಿತು. ಉಳಿದದ್ದು 7,19,500. ನಮ್ಮ ದೇಶದಲ್ಲಿ ಕಾರು ಡೀಲರ್‌ಗಳಿಗೆ ಸಿಗುವ ಮಾರ್ಜಿನ್ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ರೂಪಾಯಿ. ಕಂಪನಿ, ಮಾಡೆಲ್ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ನಾಲ್ಕು ಅಂತ ಹಿಡಿದರೂ ನಿಮ್ಮ ಕಾರಿನಲ್ಲಿ 29,000 ರೂಪಾಯಿಯ ಆಸುಪಾಸು.

ಇದರಲ್ಲೇ ಷೋರೂಂ ಬಾಡಿಗೆ, ಕರೆಂಟ್ ಬಿಲ್, ಹುಡುಗರ ಸಂಬಳ ಹೊರಡಬೇಕು. ಯಾರ್ಡ್‌ನಲ್ಲಿ ನಿಂತ ಕಾರುಗಳ ಮೇಲೆ ಬ್ಯಾಂಕಿಗೆ ಕಟ್ಟುವ ಬಡ್ಡಿಯೂ ಇದರಲ್ಲೇ. ಅಂದರೆ ಬರೀ ಕಾರು ಮಾರಿ ಬದುಕುವುದು ಡೀಲರ್‌ಗೆ ಕಷ್ಟ. ಸರ್ವಿಸ್, ಬಿಡಿಭಾಗ, ಇನ್ಶೂರೆನ್ಸ್ ಕಮಿಷನ್, ಸಾಲದ ಕಮಿಷನ್, ಆಕ್ಸೆಸರೀಸ್ ಇವೇ ಅವರ ಕೈ ಹಿಡಿಯುವುದು. ವ್ಯಾಪಾರ ಅಂದಮೇಲೆ ಲಾಭ ಬೇಕು, ಅದು ತಪ್ಪಲ್ಲ. ಆದರೆ ಕೇಳದೇ ಸೇರಿಸುವುದು, ಬೇಕೇ ಬೇಕು ಅಂತ ತಲೆಗೆ ಕಟ್ಟುವುದು ತಪ್ಪು. ನಿಮ್ಮ ಕೊಟೇಶನ್‌ನಲ್ಲಿ ಎರಡೂ ಇವೆ.

ರಸ್ತೆ ತೆರಿಗೆಯನ್ನು ನೀವೇ ಲೆಕ್ಕ ಹಾಕಬಹುದು. ಕರ್ನಾಟಕದಲ್ಲಿ ಸ್ವಂತ ಬಳಕೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ನಿಮ್ಮ ಕಾರಿಗೆ 8,49,000ದ ಶೇ. 14 ಅಂದರೆ 1,18,860. ಸೆಸ್ ಸುಮಾರು 13,075. ಎರಡೂ ಕೂಡಿದರೆ 1,31,935. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200. ಸಾಲ ಇರುವುದರಿಂದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರೆಸಲು 1,500. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ ಅಂತ ಹೊಸ ಕಾರಿನ ಮೇಲೆ ಹಾಕುವ ಸೆಸ್ 1,000. ಇಷ್ಟೂ ಸೇರಿದರೆ 1,35,235. ಅಂಚೆ ಖರ್ಚು, ತಾತ್ಕಾಲಿಕ ನೋಂದಣಿ ಅಂತ ಇನ್ನಷ್ಟು ಸೇರಿಸಿದರೂ 1,36,000ದ ಹತ್ತಿರ ನಿಲ್ಲಬೇಕು.

ನಿಮಗೆ ಬರೆದುಕೊಟ್ಟಿದ್ದು 1,44,000. ಮೇಲಿನ 8,000 ಯಾವುದಕ್ಕೆ ಅಂತ ಕೇಳಿ. 'ಆರ್‌ಟಿಒ ಖರ್ಚು ಇರುತ್ತೆ ಸರ್' ಅಂತ ಬಾಯಿಮಾತಿನ ಉತ್ತರ ಬರುತ್ತದೆ. ತೆರಿಗೆ ಈಗ ಆನ್‌ಲೈನ್‌ನಲ್ಲಿ ಕಟ್ಟುವುದು, ಅದಕ್ಕೆ ರಸೀದಿ ಬರುತ್ತದೆ. 'ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡ್ತೀನಿ' ಅಂದುಬಿಡಿ. ಇದಕ್ಕೆ ವಾದ ಮಾಡುವ ಅಗತ್ಯವೇ ಬರುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಯಾರೂ ಕೊಸರು ಸೇರಿಸಿಕೊಳ್ಳುವಂತಿಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು. ನಿಮ್ಮ ಕಾರಿಗೆ ಸಂಬಂಧ ಇಲ್ಲದಿದ್ದರೂ, ಮೇಲಿನ ಮಾಡೆಲ್ ತಗೊಳ್ಳಿ ಅಂತ ಸೇಲ್ಸ್‌ನವರು ಒತ್ತಾಯ ಮಾಡಿದರೆ ಉಪಯೋಗಕ್ಕೆ ಬರುತ್ತದೆ. ಬೆಲೆ 10 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಶೇ. 17 ಅಲ್ಲ, ಪೂರ್ತಿ ಬೆಲೆಗೆ ಶೇ. 17. ಎಕ್ಸ್ ಷೋರೂಂ 9,95,000 ಇದ್ದರೆ ಸೆಸ್ ಸೇರಿ ತೆರಿಗೆ 1,54,623. ಅದೇ 10,05,000 ಆದರೆ 1,89,643. ಕಾರಿನ ಬೆಲೆಯಲ್ಲಿ 10,000 ವ್ಯತ್ಯಾಸ, ತೆರಿಗೆಯಲ್ಲಿ 35,000! ಸನ್‌ರೂಫ್ ಇರೋ ಮಾಡೆಲ್‌ಗೆ ಸ್ವಲ್ಪವೇ ಜಾಸ್ತಿ ಅಂದಾಗ ಆನ್‌ರೋಡ್ (ತೆರಿಗೆ, ವಿಮೆ ಎಲ್ಲಾ ಸೇರಿದ ಬೆಲೆ) ಎಷ್ಟು ಅಂತ ಕೇಳದೇ ತಲೆ ಆಡಿಸಬೇಡಿ. 10 ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್ ಅಂತಲೂ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಲ್ಲಿ ಆದಾಯ ತೆರಿಗೆ ಇಲಾಖೆಗೆ ಹೋಗುವ ಹಣ. ರಿಟರ್ನ್ಸ್ ಹಾಕಿದರೆ ಲೆಕ್ಕಕ್ಕೆ ಹಿಡಿಯಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಡೀಲರ್‌ಗೆ ಅದರಲ್ಲಿ ಏನೂ ಇಲ್ಲ.

ಇನ್ನು ಇನ್ಶೂರೆನ್ಸ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕಾನೂನು ನಿಮ್ಮ ಪರ ಇದ್ದರೂ ಹೆಚ್ಚಿನವರು ಮುಲಾಜಿಗೆ ಬಿದ್ದು ಸುಮ್ಮನಾಗುವುದು ಇಲ್ಲೇ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಕೊಡುವ ವಿಮೆ, ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಈ ನಿಯಮ ಇದೆ. ಅದರ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 1,000ದಿಂದ 1,500 ಸಿಸಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ ಮೂರು ವರ್ಷಕ್ಕೆ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಇದು ಯಾವ ಕಂಪನಿಯಲ್ಲಾದರೂ ಅಷ್ಟೇ. ಆಟ ನಡೆಯುವುದು ಇನ್ನೊಂದು ಭಾಗದಲ್ಲಿ. ನಿಮ್ಮ ಕಾರಿಗೇ ಆಗುವ ಹಾನಿಗೆ ಕೊಡುವ ಓನ್ ಡ್ಯಾಮೇಜ್ ವಿಮೆ, ಅದರ ಜೊತೆಗಿನ ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೇ ಕ್ಲೇಮ್ ಕೊಡುವ ಕವರ್), ಎಂಜಿನ್ ಪ್ರೊಟೆಕ್ಟ್, ಕೀ ಕಳೆದರೆ ಕವರ್ ಇತ್ಯಾದಿ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಕಂಪನಿ ಕೊಡಬಹುದಾದ ರಿಯಾಯಿತಿಯೂ ಇಲ್ಲೇ ಇರುವುದು. ಷೋರೂಂ ಮೂಲಕ ಹೋದಾಗ ಆ ರಿಯಾಯಿತಿ ಎಷ್ಟೋ ಸಲ ನಿಮ್ಮ ಕೈಗೆ ಬರುವುದಿಲ್ಲ.

ಹೀಗೆ ಮಾಡಿ. ಷೋರೂಂನಿಂದ ಇನ್ಶೂರೆನ್ಸ್‌ನ ವಿವರವಾದ ಕೊಟೇಶನ್ ಕೇಳಿ. ಒಂದೇ ಸಾಲಿನ 46,000 ಸಾಲದು. ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ) ಎಷ್ಟು, ಯಾವ ಯಾವ ಆಡ್‌ಆನ್ (ಮೇಲೆ ಹೇಳಿದಂಥ ಹೆಚ್ಚುವರಿ ಕವರ್), ಪ್ರತಿಯೊಂದಕ್ಕೂ ಎಷ್ಟು ಅಂತ ಇರಬೇಕು. ಹೊಸ ಕಾರಿಗೆ ಐಡಿವಿ ಎಕ್ಸ್ ಷೋರೂಂ ಬೆಲೆಯ ಶೇ. 95ರ ಸುತ್ತಮುತ್ತ ಇರುತ್ತದೆ, ನಿಮ್ಮದಕ್ಕೆ ಸುಮಾರು 8,06,000. ಇದೇ ಐಡಿವಿ, ಇದೇ ಆಡ್‌ಆನ್ ಹೇಳಿ ಹೊರಗೆ ಎರಡು ಕಡೆ ದರ ಕೇಳಿ. ಐಡಿವಿ ಕಡಿಮೆ ತೋರಿಸಿ ಅಗ್ಗ ಮಾಡುವವರೂ ಇದ್ದಾರೆ, ಅದಕ್ಕೇ ಎರಡೂ ಕಡೆ ಒಂದೇ ಇರಬೇಕು. ನಿಮ್ಮಂಥ ಕಾರಿಗೆ ಎಂಟು ಹತ್ತು ಸಾವಿರ ವ್ಯತ್ಯಾಸ ಬಂದರೆ ಆಶ್ಚರ್ಯ ಬೇಡ. ಆ ಕಾಗದ ಷೋರೂಂ ಟೇಬಲ್ ಮೇಲೆ ಇಟ್ಟರೆ, ನಾವೂ ಅಷ್ಟಕ್ಕೇ ಕೊಡ್ತೀವಿ ಅಂತ ಅವರೇ ಅನ್ನುವುದು ಹೆಚ್ಚು. ಆಗ ಅಲ್ಲೇ ತಗೊಳ್ಳಿ. ಕ್ಲೇಮ್ ಬಂದಾಗ ಅವರ ಸರ್ವಿಸ್ ಸೆಂಟರ್‌ನಲ್ಲಿ ಓಡಾಟ ಕಡಿಮೆ, ಅದು ನಿಜವಾದ ಅನುಕೂಲ.

ಹೊರಗಡೆ ಇನ್ಶೂರೆನ್ಸ್ ಮಾಡಿಸಿದರೆ ವಾರಂಟಿ ಹೋಗುತ್ತೆ, ಡೆಲಿವರಿ ಕೊಡಲ್ಲ ಅಂತ ಹೇಳಿದರೆ ನಂಬಬೇಡಿ. ವಿಮೆಗೂ ವಾರಂಟಿಗೂ ಸಂಬಂಧವೇ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳ ಪ್ರಕಾರ ಇಂಥ ಕಡೆಯಿಂದಲೇ ವಿಮೆ ಮಾಡಿಸಬೇಕು ಅಂತ ಡೀಲರ್ ಒತ್ತಾಯ ಮಾಡುವಂತಿಲ್ಲ. ಹೊರಗೆ ಮಾಡಿಸುವುದಾದರೆ, ಆ ವಿಮಾ ಕಂಪನಿಗೆ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಕ್ಯಾಶ್‌ಲೆಸ್ (ರಿಪೇರಿ ಹಣವನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ವ್ಯವಸ್ಥೆ) ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಹ್ಯಾಂಡ್ಲಿಂಗ್ ಚಾರ್ಜ್ 9,500. ಇದನ್ನು ಕೊಡಬೇಡಿ. ಕಾರನ್ನು ಷೋರೂಂಗೆ ತಂದು, ತೊಳೆದು, ನಿಮ್ಮ ಕೈಗೆ ಕೊಡುವುದು ಡೀಲರ್‌ನ ಕೆಲಸ. ಅದರ ಖರ್ಚು ಎಕ್ಸ್ ಷೋರೂಂ ಬೆಲೆಯಲ್ಲೇ ಬಂದಿದೆ. ಕೆಲವು ಕಡೆ ಇದನ್ನೇ ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಡಾಕ್ಯುಮೆಂಟೇಶನ್ ಅಂತ ಹೆಸರು ಬದಲಿಸಿ ಬರೆಯುತ್ತಾರೆ. ಹೀಗೆ ವಸೂಲು ಮಾಡಿದ್ದನ್ನು ವಾಪಸ್ ಕೊಡಿ ಅಂತ ಗ್ರಾಹಕರ ಆಯೋಗಗಳು ಆದೇಶ ಮಾಡಿದ ಪ್ರಕರಣಗಳಿವೆ. 'ಯಾವ ಕಾನೂನಿನ ಪ್ರಕಾರ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ' ಅಂತ ಸಮಾಧಾನವಾಗಿ ಕೇಳಿ. ಬರೆದುಕೊಡುವವರು ಯಾರೂ ಇಲ್ಲ. ಗಮನಿಸಿ, ನಿಮಗೆ ಬಿಟ್ಟ 15,000ದಲ್ಲಿ 9,500 ಇದೇ ದುಡ್ಡು. ರಸ್ತೆ ತೆರಿಗೆಯಲ್ಲಿ ಸೇರಿಸಿದ್ದನ್ನೂ ಕೂಡಿದರೆ ಅವರು ಬಿಟ್ಟಿದ್ದಕ್ಕಿಂತ ಜಾಸ್ತಿಯೇ ಆಯಿತು. ಅಂದರೆ ನಿಮಗೆ ಇನ್ನೂ ರಿಯಾಯಿತಿ ಸಿಕ್ಕೇ ಇಲ್ಲ.

ಆಕ್ಸೆಸರೀಸ್ ಕಿಟ್ ಅನ್ನುವುದು ಡೀಲರ್‌ಗೆ ಒಳ್ಳೆಯ ಲಾಭ ತರುವ ಸಾಲು. ಕಿಟ್ ಅಂತ ಒಟ್ಟಾಗಿ ತಗೊಳ್ಳಬೇಡಿ. ಪಟ್ಟಿ ಕೇಳಿ, ಒಂದೊಂದಕ್ಕೂ ಬೆಲೆ ಕೇಳಿ. ಫ್ಲೋರ್ ಮ್ಯಾಟ್, ಮಡ್ ಫ್ಲ್ಯಾಪ್ ಬೇಕಾಗುತ್ತವೆ, ಅದರಲ್ಲೂ ತೋಟದ ದಾರಿಯಲ್ಲಿ ಓಡಾಡುವ ನಿಮಗೆ ಮಳೆಗಾಲದಲ್ಲಿ ಖಂಡಿತ ಬೇಕು. ಬಾಗಿಲ ಅಂಚಿನ ಕ್ರೋಮ್ ಪಟ್ಟಿ, ಹೆಸರಿರುವ ಸ್ಕಫ್ ಪ್ಲೇಟ್, ಕುಶನ್, ಪರ್ಫ್ಯೂಮ್ ಇಲ್ಲದಿದ್ದರೂ ಕಾರು ಓಡುತ್ತದೆ. ಸೀಟ್ ಕವರ್, ಮ್ಯಾಟ್ ದಾವಣಗೆರೆಯಲ್ಲೇ ಷೋರೂಂ ಹೊರಗಿನ ಅಂಗಡಿಗಳಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ: ವೈರಿಂಗ್ ಕತ್ತರಿಸಿ ಜೋಡಿಸುವ ಕೆಲಸ, ಅಂದರೆ ಹೆಚ್ಚುವರಿ ಲೈಟು, ಮ್ಯೂಸಿಕ್ ಸಿಸ್ಟಂ, ಸೆಂಟ್ರಲ್ ಲಾಕಿಂಗ್, ಇವನ್ನು ಹೊರಗೆ ಮಾಡಿಸಬೇಡಿ. ಕರೆಂಟಿಗೆ ಸಂಬಂಧಿಸಿದ ದೋಷ ಬಂದಾಗ ವಾರಂಟಿ ನಿರಾಕರಿಸಲು ಅದೊಂದು ಕಾರಣ ಸಾಕು.

ಕೋಟಿಂಗ್ ಬಿಡಿ. ಈಗಿನ ಕಾರಿಗೆ ಕಾರ್ಖಾನೆಯಲ್ಲೇ ತುಕ್ಕು ತಡೆಯುವ ವ್ಯವಸ್ಥೆ ಇರುತ್ತದೆ. ನಮ್ಮದು ಕಡಲ ತೀರವೂ ಅಲ್ಲ.

ಎಕ್ಸ್‌ಟೆಂಡೆಡ್ ವಾರಂಟಿ ಬೇರೆ ವಿಷಯ. ಅದನ್ನು ಸುಮ್ನೆ ತಳ್ಳಿಹಾಕಲಾರೆ. ಆಟೋಮ್ಯಾಟಿಕ್ ಗೇರ್, ಟರ್ಬೊ ಎಂಜಿನ್ ಇದ್ದರೆ, ಐದು ವರ್ಷದ ಮೇಲೆ ಇಟ್ಟುಕೊಳ್ಳುವ ಯೋಚನೆ ಇದ್ದರೆ, ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಕಾರು ಕೊಳ್ಳುವ ದಿನವೇ ತಗೊಳ್ಳಬೇಕು ಅಂತೇನಿಲ್ಲ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಡುತ್ತಾರೆ. ತಡವಾದಷ್ಟೂ ಬೆಲೆ ಏರಬಹುದು, ಅಷ್ಟೇ. ಕಂಪನಿಯದ್ದೇ ವಾರಂಟಿನಾ, ಬೇರೆ ಯಾರದ್ದಾದರೂ ಪಾಲಿಸಿನಾ ಅಂತ ಕಾಗದ ನೋಡಿ.

ಈಗ ಸಾಲ. ಷೋರೂಂ ಮೂಲಕ ಸಾಲ ಮಾಡಿಸಿದರೆ ಬ್ಯಾಂಕ್ ಅವರಿಗೆ ಕಮಿಷನ್ ಕೊಡುತ್ತದೆ. ಹಾಗಂತ ಅವರ ಬಡ್ಡಿ ಯಾವಾಗಲೂ ಜಾಸ್ತಿ ಅಲ್ಲ, ಕೆಲವು ಸಲ ಅವರ ಕಡೆಯಿಂದಲೇ ಕಡಿಮೆಗೆ ಸಿಗುತ್ತದೆ. ಹೋಲಿಸಿ ನೋಡದಿದ್ದರೆ ಮಾತ್ರ ನಷ್ಟ ನಿಮ್ಮದು. 8 ಲಕ್ಷಕ್ಕೆ 7 ವರ್ಷದ ಸಾಲದಲ್ಲಿ ಶೇ. 9 ಆದರೆ ಕಂತು ಸುಮಾರು 12,870. ಶೇ. 10 ಆದರೆ 13,280. ತಿಂಗಳಿಗೆ ನಾನೂರು ಚಿಲ್ಲರೆ ಅಷ್ಟೇ ಅಲ್ವಾ ಅನಿಸುತ್ತದೆ. 84 ಕಂತಿಗೆ 34,000 ದಾಟುತ್ತದೆ. ನೀವು ಚೌಕಾಸಿ ಮಾಡಿ ಇಳಿಸಿದ್ದರ ಎರಡರಷ್ಟು ಇಲ್ಲೇ ಹೋಗಬಹುದು. ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ದರ ಕೇಳಿಕೊಂಡು ಷೋರೂಂಗೆ ಹೋಗಿ. 'ಫ್ಲಾಟ್ ಬಡ್ಡಿ 8 ಪರ್ಸೆಂಟ್ ಮಾತ್ರ' ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಫ್ಲಾಟ್ ಅಂದರೆ ಕಂತು ಕಟ್ಟುತ್ತಾ ಹೋದರೂ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವುದು. 5 ವರ್ಷಕ್ಕೆ ಫ್ಲಾಟ್ ಶೇ. 8 ಅಂದರೆ, ಬ್ಯಾಂಕುಗಳು ಹೇಳುವ ಇಳಿಕೆ ಬಾಕಿಯ (ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುವ) ಲೆಕ್ಕದಲ್ಲಿ ಶೇ. 14ಕ್ಕೂ ಜಾಸ್ತಿ. ಪ್ರೊಸೆಸಿಂಗ್ ಫೀ ಎಷ್ಟು, ಸಾಲದ ಜೊತೆ ಜೀವ ವಿಮೆ ಸೇರಿಸಿದ್ದಾರಾ, ಮುಂಚೆ ತೀರಿಸಿದರೆ ದಂಡ ಎಷ್ಟು, ಇವನ್ನೂ ಕೇಳಿ. ನಿಮಗೆ ಕೊಯ್ಲಿನ ದುಡ್ಡು ಒಟ್ಟಿಗೆ ಬರುವುದರಿಂದ ಕೊನೆಯ ಪ್ರಶ್ನೆ ಬಹಳ ಮುಖ್ಯ.

ಅಡಿಕೆ ಮಂಡಿಯಲ್ಲಿ ಕ್ವಿಂಟಾಲ್ ದರ ಒಂದನ್ನೇ ನೋಡಿ ನೀವು ಮಾಲು ಬಿಡುವುದಿಲ್ಲ, ತೂಕ, ಕಮಿಷನ್, ಹಮಾಲಿ ಎಲ್ಲಾ ಕಳೆದು ಕೈಗೆ ಎಷ್ಟು ಅಂತ ನೋಡುತ್ತೀರಿ. ಕೊಟೇಶನ್ ಕೂಡ ಹಾಗೇ ಓದಿ. ನನ್ನ ಲೆಕ್ಕದಲ್ಲಿ ನಿಮ್ಮ ಕಾರಿಗೆ ತಪ್ಪದೇ ಕೊಡಬೇಕಾದ್ದು ಎಕ್ಸ್ ಷೋರೂಂ 8,49,000, ತೆರಿಗೆ ಮತ್ತು ನೋಂದಣಿ 1,36,000, ಇನ್ಶೂರೆನ್ಸ್ 37,000ದ ಆಸುಪಾಸು, ಫಾಸ್ಟ್ಯಾಗ್ 600. ಸುಮಾರು 10,22,600. ಅವರ ಕಾಗದಕ್ಕೂ ಇದಕ್ಕೂ 73,000 ರೂಪಾಯಿಯಷ್ಟು ಅಂತರ. ವಾರಂಟಿ, ಮ್ಯಾಟ್ ನಿಮಗೇ ಬೇಕು ಅನಿಸಿದರೆ ಅವುಗಳ ಬೆಲೆಯನ್ನು ಈ ಅಂತರದಿಂದ ಕಳೆಯಿರಿ. ರಿಯಾಯಿತಿಯ ಮಾತು ಶುರುವಾಗಬೇಕಾದ್ದು ಇಲ್ಲಿಂದ, 10,96,000ದಿಂದ ಅಲ್ಲ.

ರಿಯಾಯಿತಿಯಲ್ಲೂ ಎರಡು ಬಗೆ. ಒಂದು ಕಂಪನಿ ಕೊಡುವುದು: ಹಬ್ಬದ ಆಫರ್, ಎಕ್ಸ್‌ಚೇಂಜ್ ಬೋನಸ್, ಸರ್ಕಾರಿ ನೌಕರರಿಗೆ ಅಥವಾ ಗ್ರಾಮೀಣ ಗ್ರಾಹಕರಿಗೆ ಅಂತ ಕೊಡುವುದು. ಇನ್ನೊಂದು ಡೀಲರ್ ತನ್ನ ಮಾರ್ಜಿನ್‌ನಿಂದ ಬಿಡುವುದು. ಕಂಪನಿಯ ಆಫರ್ ಏನೇನಿದೆ ಅಂತ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಕೇಳಿ. ರೈತರಿಗೆ ಅಂತ ಇದ್ದರೆ ಪಹಣಿ ತೋರಿಸಿ ಪಡೆಯಬಹುದು. ಕೆಲವು ಸೇಲ್ಸ್‌ನವರು ಕಂಪನಿಯ ಆಫರನ್ನೇ ತಾವು ಬಿಟ್ಟುಕೊಟ್ಟಂತೆ ಹೇಳುತ್ತಾರೆ. ಸಿಕ್ಕ ರಿಯಾಯಿತಿ ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಕಾಣಬೇಕು. 'ಅಷ್ಟಕ್ಕೆ ಆಕ್ಸೆಸರೀಸ್ ಹಾಕಿಕೊಡ್ತೀವಿ' ಅಂದರೆ ಒಪ್ಪಬೇಡಿ. ಹತ್ತು ಸಾವಿರದ ಆಕ್ಸೆಸರೀಸ್ ಅಂದರೆ ಅವರಿಗೆ ಅಸಲು ಅದಕ್ಕಿಂತ ಎಷ್ಟೋ ಕಡಿಮೆ.

ನಿಮ್ಮ ಭಾವನವರ ಮಾತಿಗೆ ಬರೋಣ. ರಾಜ್ಯದ ಒಳಗೆ ರಸ್ತೆ ತೆರಿಗೆಯ ದರ ಒಂದೇ. ಎಕ್ಸ್ ಷೋರೂಂ ಬೆಲೆಯೂ ಸಾಮಾನ್ಯವಾಗಿ ಒಂದೇ. ಬೆಂಗಳೂರಿನಲ್ಲಿ ಒಂದೇ ಕಂಪನಿಗೆ ಹಲವು ಡೀಲರ್‌ಗಳಿರುವುದರಿಂದ ಪೈಪೋಟಿ ಜಾಸ್ತಿ, ಸ್ಟಾಕ್ ಜಾಸ್ತಿ, ಹಾಗಾಗಿ ಕೆಲವು ಸಲ ಹೆಚ್ಚು ಬಿಡುತ್ತಾರೆ. ಓಡಾಟ, ಪೆಟ್ರೋಲ್, ಒಂದೆರಡು ದಿನದ ಕೆಲಸ ಕಳೆದು ಲೆಕ್ಕ ಹಾಕಿ. ಕಾನೂನಿನ ಪ್ರಕಾರ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ನೋಂದಣಿ ಮಾಡಿಸಬಹುದು, ಆದರೆ ದಾವಣಗೆರೆಯ ಕೆಎ 17 ನಂಬರೇ ಬೇಕು ಅನ್ನುವುದಾದರೆ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ಅದಕ್ಕಿಂತ ಹತ್ತಿರದಲ್ಲಿ ಶಿವಮೊಗ್ಗ, ಚಿತ್ರದುರ್ಗ, ಹುಬ್ಬಳ್ಳಿಯಲ್ಲಿ ದರ ಕೇಳಿ ನೋಡಿ. ಆದರೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಒಂದೇ ಮಾಲೀಕರ ಷೋರೂಂ ಇದ್ದರೆ ಎರಡು ಕೊಟೇಶನ್ ತಂದಿದ್ದೂ ಒಂದೇ, ಒಂದು ತಂದಿದ್ದೂ ಒಂದೇ. ಕೊಟೇಶನ್ ಮೇಲಿನ ಜಿಎಸ್‌ಟಿ ನಂಬರ್ ನೋಡಿ, ಗೊತ್ತಾಗುತ್ತದೆ.

ದೀಪಾವಳಿಯ ಆಸೆ ಅರ್ಥವಾಗುತ್ತದೆ. ಆ ವಿಷಯ ಷೋರೂಂನಲ್ಲಿ ಹೇಳಬೇಡಿ. 'ಪಾಡ್ಯದ ದಿನ ಬೆಳಗ್ಗೆ ಮುಹೂರ್ತ ಇದೆ' ಅಂದ ಕೂಡಲೇ ಚೌಕಾಸಿ ಮುಗಿದ ಹಾಗೆ. ಆಯುಧಪೂಜೆಯಿಂದ ದೀಪಾವಳಿವರೆಗೆ ಕೇಳುವವರು ಬಹಳ ಜನ ಇರುತ್ತಾರೆ, ಓಡುವ ಮಾಡೆಲ್‌ಗೆ ಬಿಡುವುದು ಕಡಿಮೆ. ಒಂದು ತಿಂಗಳು ಮೊದಲೇ ಎಲ್ಲಾ ಸಾಲುಗಳೂ ಗಟ್ಟಿಯಾದ ಕೊಟೇಶನ್ ಮೇಲೆ ಬುಕ್ ಮಾಡಿ, ಸಹಿ ಸೀಲು ಹಾಕಿಸಿಕೊಳ್ಳಿ. ತಿಂಗಳ ಕೊನೆಯ ವಾರ ಹೋದರೆ ಟಾರ್ಗೆಟ್ ಒತ್ತಡದಲ್ಲಿ ಸೇಲ್ಸ್ ಮ್ಯಾನೇಜರ್ ಇನ್ನೂ ಸ್ವಲ್ಪ ಬಗ್ಗುತ್ತಾರೆ. ಬೆಲೆ ಏರಿದರೆ ಬುಕಿಂಗ್ ದಿನದ ಬೆಲೆ ಸಿಗುವುದಿಲ್ಲ, ಸಾಮಾನ್ಯವಾಗಿ ಬಿಲ್ ಆಗುವ ದಿನದ ಬೆಲೆಯೇ. ಇದನ್ನೂ ಕೇಳಿಕೊಳ್ಳಿ. ಡಿಸೆಂಬರ್‌ವರೆಗೆ ಕಾಯಲು ಮನೆಯವರು ಒಪ್ಪಿದರೆ ರಿಯಾಯಿತಿ ಇನ್ನೂ ಜಾಸ್ತಿ, ಆದರೆ ಒಂದು ತಿಂಗಳಲ್ಲೇ ಕಾರು ಹಿಂದಿನ ವರ್ಷದ್ದಾಗುತ್ತದೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟ ಇಲ್ಲ. ಮೂರು ವರ್ಷಕ್ಕೆ ಮಾರುವವರು ಕಾಯದಿರುವುದೇ ಮೇಲು.

ನೋಂದಣಿಗೆ ಮೊದಲು ಯಾರ್ಡ್‌ಗೆ ಹೋಗಿ ನಿಮಗೆ ಕೊಡುವ ಕಾರನ್ನೇ ಕಣ್ಣಾರೆ ನೋಡಿ. ಚಾಸಿಸ್ ನಂಬರ್ ಬರೆದುಕೊಳ್ಳಿ. ಫಾರಂ 21 ಅನ್ನುವ ಮಾರಾಟ ಪತ್ರದಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಂದಣಿ ಆದಮೇಲೆ ಇದು ಹಳೇ ಸ್ಟಾಕ್ ಅಂತ ಗೊತ್ತಾದರೆ ಬದಲಿಸುವುದು ಬಹಳ ಕಷ್ಟ.

ಹಣ ಕೊಡುವಾಗ ಎರಡು ಮಾತು. ತೋಟದವರ ಮನೆಯಲ್ಲಿ ನಗದು ಇರುತ್ತದೆ, ಅದನ್ನೇ ಒಯ್ದು ಕೊಡಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು 2017ರ ಏಪ್ರಿಲ್ 1ರಿಂದ ನಿಷಿದ್ಧ, ದಂಡ ತಗೊಂಡವರಿಗೆ ಬೀಳುತ್ತದೆ. ಸರಿಯಾದ ಷೋರೂಂ ತಗೊಳ್ಳುವುದೇ ಇಲ್ಲ. ಬುಕಿಂಗ್ ಹಣದಿಂದ ಹಿಡಿದು ಕೊನೆಯ ರೂಪಾಯಿವರೆಗೆ ಷೋರೂಂನ ಬ್ಯಾಂಕ್ ಖಾತೆಗೇ ಹಾಕಿ. ಸೇಲ್ಸ್‌ನ ಹುಡುಗ ಎಷ್ಟೇ ಪರಿಚಯದವನಾದರೂ ಅವನ ಸ್ವಂತ ಫೋನ್ ನಂಬರಿಗೆ ಹಾಕಬೇಡಿ.

ಇಷ್ಟಾದಮೇಲೂ ಹ್ಯಾಂಡ್ಲಿಂಗ್ ಚಾರ್ಜ್ ಬಿಡಲ್ಲ, ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು ಅಂತ ಹಟ ಹಿಡಿದರೆ ಮೊದಲು ಕಂಪನಿಗೆ ಇಮೇಲ್ ಮಾಡಿ, ಕೊಟೇಶನ್ ಫೋಟೋ ಹಾಕಿ. ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಹಣ ಕಟ್ಟಿಬಿಟ್ಟಿದ್ದರೆ ರಸೀದಿ ಇಟ್ಟುಕೊಂಡು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5ರಿಂದ 10 ಲಕ್ಷದ ಖರೀದಿಗೆ ದೂರಿನ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ, ನೀವೇ ವಾದ ಮಾಡಬಹುದು. ದೂರಿಗೆ ಎರಡು ವರ್ಷದ ಗಡುವು ಇದೆ. ಕೊಟೇಶನ್, ಇನ್‌ವಾಯ್ಸ್, ತೆರಿಗೆ ರಸೀದಿ ಮೂರನ್ನೂ ಕಾರಿನ ಕಾಗದದ ಜೊತೆಗೇ ಇಡಿ. ಹೊಸ ಕೊಟೇಶನ್ ಕೈಗೆ ಬಂದಮೇಲೆ ಅನುಮಾನ ಇದ್ದರೆ ಅದನ್ನೂ ಕಳಿಸಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.